ಕಾಂದಿದೋನ ಒಂಬತ್ತು ದಿನ

ಗಂಡನನ್ನು ಸಾಯಿಸಿಬಿಡುವ ಆಲೋಚನೆ ದೋನ್ಯಾ ಒಬ್ದೂಲಿಯಾಗೆ ಬಂದದ್ದು ಗೋಧಿಹಿಟ್ಟು ನಾದುತ್ತಿದ್ದಾಗ. ಆಕೆಗೆ ಒಳ್ಳೆಯ ಆಲೋಚನೆಗಳೆಲ್ಲ ಬರುತ್ತಿದ್ದುದು ಹಿಟ್ಟು ನಾದುವಾಗಲೇ. ಕೈಗೆ ಕೆಲಸವಿಲ್ಲದೆ ಕೂತಿದ್ದಾಗ ಬಂದದ್ದು ಒಂದೇ ಆಲೋಚನೆ. ಅದು ಕಾಂದಿದೋನನ್ನು ಮದುವೆಯಾಗುವುದು.

ಕಾಂದಿದೋ ಉತ್ತರಕ್ಕೆ, ಅಂದರೆ ಅಮೆರಿಕಕ್ಕೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಮೊದಮೊದಲು ದುಡ್ಡು ಬಂತು, ಆಮೇಲೆ ಕ್ರಿಸ್ಮಸ್ಸಿಗೊಂದು ಫೋನು ಬಂತು, ಆಮೇಲೆ ಹ್ಯೂಸ್ಟನ್ನಿನಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆಯೆಂಬ ಸುದ್ದಿ ಬಂತು. ಅಲ್ಲಿಗೆ ಬರುವುದೆಲ್ಲ ಬಂದು ಮುಗಿದಿತ್ತು. ಒಬ್ದೂಲಿಯಾ ಅವನ ಹೆಸರೆತ್ತಿ ಅತ್ತವಳಲ್ಲ, ಬೈದವಳೂ ಅಲ್ಲ. ಬೆಳಗಾದರೆ ತಮ್ಮೂರು ಚೊಲೋಮಾದ ಟೀ-ಶರ್ಟ್ ಫ್ಯಾಕ್ಟರಿಯ ಗೇಟಿನ ಪಕ್ಕ ಒಲೆ ಹೂಡಿ, ಗೋಧಿ ರೊಟ್ಟಿಯೊಳಗೆ ಕೆಂಪು ಕಾಳು, ಕೆನೆ, ಉಪ್ಪು ಚೀಸು ಸವರಿ ಮಡಚಿ ಮಾರುತ್ತಿದ್ದಳು. ಫ್ಯಾಕ್ಟರಿಯ ಮ್ಯಾನೇಜರ್ ಕೂಡ ಕಾರು ನಿಲ್ಲಿಸಿ, ಗಾಜು ಇಳಿಸಿ, ಮೊಟ್ಟೆ ಹಾಕಿದ ಒಂದನ್ನು ಕಟ್ಟಿಸಿಕೊಂಡು ಹೋಗುತ್ತಿದ್ದ.

ಆ ವಾರದ ತಲೆನೋವು ಕಾಂದಿದೋನದ್ದಲ್ಲ, ಮಗಳು ಡೆಲ್ಮಿಯ ಭುಜದ್ದು. ಡೆಲ್ಮಿ ಅದೇ ಫ್ಯಾಕ್ಟರಿಯಲ್ಲಿ ಶರ್ಟಿಗೆ ತೋಳು ಕೂಡಿಸುವ ಮೆಷಿನ್ನಿನ ಮುಂದೆ ಹನ್ನೊಂದು ವರ್ಷ ಕೂತವಳು. ಈಗ ಅವಳ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಬೆಳಿಗ್ಗೆ ಅವಳ ತಲೆ ಬಾಚುವವಳು ಹದಿನಾರರ ಮಗಳು ಇವೆತ್.

"ಅಮ್ಮಂಗೆ ಜಡೆ ಹಾಕಿ ಕೆಲಸಕ್ಕೆ ಕಳಿಸೋ ಮಗಳು ಇಡೀ ಚೊಲೋಮಾದಲ್ಲಿ ನಾನೊಬ್ಬಳೇ ಇರ್ಬೇಕು" ಎಂದು ಅವಳು ಗೊಣಗಿದರೆ, "ಎಳೀಬೇಡ್ವೇ, ಅದೊಂದು ನೆಟ್ಟಗಿದೆ" ಎನ್ನುತ್ತಿದ್ದಳು ಡೆಲ್ಮಿ.

ಭುಜ ತೋರಿಸಲು ವಿಮೆ ಆಸ್ಪತ್ರೆಗೆ ಹೋದರೆ ಕಿಟಕಿಯ ಹಿಂದಿನ ಗುಮಾಸ್ತ ಕಂಪ್ಯೂಟರ್ ಕುಟ್ಟಿ ನೋಡಿ, ನಿಮ್ಮ ಹೆಸರೇ ಇಲ್ಲವಲ್ಲ ಎಂದಿದ್ದ. ವಾರವಾರ ಸಂಬಳದಲ್ಲಿ ವಿಮೆ ದುಡ್ಡು ಹಿಡಿಯುತ್ತಿದ್ದರು. ಹಿಡಿದದ್ದು ಆಸ್ಪತ್ರೆಗೆ ತಲುಪಿರಲೇ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಡೆಲ್ಮಿ ಇದನ್ನು ಅಣ್ಣ ರಿಗೋನ ಮುಂದೆ ಇಟ್ಟಳು. ರಿಗೋ ಅದೇ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮನೆಯ ತಗಡು ಹೋಗಿ ಕಾಂಕ್ರೀಟ್ ಚಾವಣಿ ಬಂದದ್ದು ಅವನ ಸಂಬಳದಲ್ಲಿ. ಮಾತಾಡುವಾಗ ಅವನು ಆಗಾಗ ಅದರ ಕಡೆ ನೋಡುತ್ತಿದ್ದ.

"ಕಂಪ್ಯೂಟರ್ ತಪ್ಪಿರ್ಬೇಕು" ಎಂದ.

"ಕಂಪ್ಯೂಟರ್ ತಪ್ಪಿದ್ರೆ ಒಬ್ಬಳ ಹೆಸರು ಬಿಟ್ಟುಹೋಗುತ್ತೆ. ನಮ್ಮ ಲೈನಿನಲ್ಲಿ ಒಬ್ಬಳದ್ದೂ ಇಲ್ಲ. ನೊಏಮಿ ತುಂಬು ಬಸುರಿ, ಅವಳನ್ನೂ ವಾಪಸ್ ಕಳಿಸಿದ್ರು."

"ನಾನು ಆಫೀಸಲ್ಲಿ ಪಾಲ್ಮಿರಾ ಮೇಡಂ ಹತ್ರ ಮಾತಾಡ್ತೀನಿ."

"ಹೋದ ತಿಂಗಳೂ ಹಾಗೇ ಅಂದೆ."

"ಮಾತಾಡ್ದೆ."

"ಏನಂದ್ರು?"

ರಿಗೋ ಕಾಳನ್ನು ಅತ್ತಿತ್ತ ದೂಡಿದ. "ಭುಜ ನೋವಿದ್ರೆ ದಾರ ಕತ್ತರಿಸೋ ಕೆಲಸಕ್ಕೆ ಹಾಕೋಣ, ಸಂಬಳ ಸ್ವಲ್ಪ ಕಮ್ಮಿ ಆಗುತ್ತೆ ಅಂದ್ರು."

"ನಾವು ಸಂಘ ಕಟ್ತೀವಿ" ಎಂದಳು ಡೆಲ್ಮಿ, ಉಪ್ಪು ಕೊಡು ಅಂದಷ್ಟೇ ಸಲೀಸಾಗಿ.

ರಿಗೋ ಚಮಚ ಕೆಳಗಿಟ್ಟ. "ಹೋದ ವರ್ಷ ಕೋಳಿ ಹೋಟ್ಲಲ್ಲಿ ಕೂತು ಸಂಘ ಕಟ್ಟಿದವರು ಈಗೆಲ್ಲಿದಾರೆ? ಶನಿವಾರ ಕೂತ್ರು, ಸೋಮವಾರ ಗೇಟಿನಾಚೆ ನಿಂತ್ರು. ಮೂವತ್ತು ಜನ ಸೇರಿ ಸಹಿ ಹಾಕ್ಬೇಕು ಅನ್ನುತ್ತೆ ಕಾನೂನು. ಆ ಸಹಿ ಸರ್ಕಾರದ ಕೈ ಸೇರಿ, ಇನ್ಸ್‌ಪೆಕ್ಟರು ಬಂದು ಕಂಪನಿಗೆ ನೋಟೀಸು ಕೊಡೋವರೆಗೂ ನಿಮ್ಮನ್ನ ಕಾಯೋರು ಯಾರೂ ಇಲ್ಲ. ಮೂವತ್ತು ಹೆಂಗಸರು ಒಂದು ಕಡೆ ಕೂತ್ರೆ ಯಾಕೆ ಕೂತ್ರಿ ಅಂತ ಕೇಳದೇ ಇರೋ ಜಾಗ ಈ ಊರಲ್ಲಿ ಎಲ್ಲಿದೆ ತೋರಿಸು."

"ನೀನು ಹೇಳದೇ ಇದ್ರೆ ಸಾಕು."

"ನಾನು ಯಾವತ್ತಾದ್ರೂ ಹೇಳಿದೀನಾ?"

"ಯಾವತ್ತಾದ್ರೂ ಕೇಳಿಸ್ಕೊಂಡಿದೀಯಾ?"

"ತಿನ್ನಿ ಇಬ್ರೂ" ಎಂದಳು ಒಬ್ದೂಲಿಯಾ. "ಆರಿಹೋದ ಕಾಳನ್ನ ಯಾವ ಸಂಘವೂ ಬಿಸಿ ಮಾಡಿ ಕೊಡಲ್ಲ."

ಮಾರನೆಯ ಬೆಳಿಗ್ಗೆ ಹಿಟ್ಟು ನಾದುತ್ತ ಆಕೆ ಮಗನ ಪ್ರಶ್ನೆಯನ್ನೇ ನಾದಿದಳು. ಮೂವತ್ತು ಹೆಂಗಸರು ಸೇರಿದರೂ ಯಾರೂ ಯಾಕೆಂದು ಕೇಳದ ಜಾಗ ಊರಿನಲ್ಲಿ ಒಂದೇ: ಸಾವಾದ ಮನೆ. ಒಂಬತ್ತು ಸಂಜೆ ಜಪ ನಡೆಯುತ್ತದೆ, ದಾರಿಹೋಕರೂ ಒಳಗೆ ಬಂದು ಮಂಡಿಯೂರಬಹುದು, ಬಂದವರಿಗೆಲ್ಲ ಕಾಫಿ, ಬ್ರೆಡ್ಡು ಕೊಡಬೇಕು. ಯಾರು ಬಂದರು, ಯಾಕೆ ಬಂದರು ಎಂದು ಕೇಳುವುದು ಮರ್ಯಾದೆಯಲ್ಲ. ಕೊರತೆಯಿದ್ದದ್ದು ಹೆಣದ್ದೊಂದೇ.

"ಅಮ್ಮಾ, ಅಪ್ಪ ಬದುಕಿದಾನೆ" ಎಂದಳು ಡೆಲ್ಮಿ, ಕೇಳಿ ದಂಗಾಗಿ.

"ಅದು ಅವನ ತಪ್ಪು."

"ರಿಗೋಗೆ ಏನು ಹೇಳೋದು?"

"ಹ್ಯೂಸ್ಟನ್ನಿಂದ ಸುದ್ದಿ ಬಂತು ಅಂತ. ಅವನಿಗೆ ಸುಳ್ಳು ಹೇಳೋಕೆ ಬರಲ್ಲ, ಹೇಳಿಸ್ಕೊಳ್ಳೋಕೆ ಮಾತ್ರ ಬರುತ್ತೆ. ಹಂಗೇ ಇರ್ಲಿ."

ಸುದ್ದಿ ಕೇಳಿದ ರಿಗೋ ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಹೋದ. ಮುಖ ತೊಳೆದ, ಮತ್ತೆ ತೊಳೆದ, ಆಮೇಲೆ ತೊಟ್ಟಿಯ ಕಟ್ಟೆ ಹಿಡಿದು, ಮೂವತ್ತಾರು ವರ್ಷದ ಗಂಡಸು, ಭುಜ ಅಲುಗುವಂತೆ ಅತ್ತ. ಅಪ್ಪ ಹೋದಾಗ ಅವನಿಗೆ ಹದಿನಾರು. ಅಪ್ಪ ಬಿಟ್ಟುಹೋದ ಬೂಟಿಗೆ ಅವನು ಈಗಲೂ ವರ್ಷಕ್ಕೊಮ್ಮೆ ಪಾಲಿಶ್ ಹಾಕುತ್ತಿದ್ದ. ಇದನ್ನು ಒಬ್ದೂಲಿಯಾ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಕೆ ಒಲೆಯ ಕಡೆ ತಿರುಗಿ, ಕಲಕುವ ಅಗತ್ಯವಿಲ್ಲದ ಕಾಳನ್ನು ಬಹಳ ಹೊತ್ತು ಕಲಕಿದಳು.

ಜಪ ಶುರುವಾಯಿತು. ಮೇಜಿಗೆ ಬಿಳಿ ಬಟ್ಟೆ ಹಾಸಿ, ಕಾಗದದ ಹೂವು, ಮೇಣದಬತ್ತಿ, ಶಿಲುಬೆ, ನಡುವೆ ಮೀಸೆ ಬಿಟ್ಟ ಕಾಂದಿದೋನ ಫೋಟೋ. ಆತ್ಮಕ್ಕೆ ಬಾಯಾರಿಕೆಯಾದರೆ ಕುಡಿಯಲು ಒಂದು ಲೋಟ ನೀರು. ಜಪ ಹೇಳಿಸಲು ದೋನ್ಯಾ ತೋಮಾಸಾ ಬಂದಳು; ಹಿರಿಯ ಹೆಂಗಸರಿಗೆಲ್ಲ ಅಲ್ಲಿ ದೋನ್ಯಾ ಎನ್ನುತ್ತಾರೆ. ಊರಿನ ಡಾಕ್ಟರುಗಳು ಉಳಿಸಿಕೊಂಡವರಿಗಿಂತ ಹೆಚ್ಚು ಜನರನ್ನು ಆಕೆ ಮೇಲಕ್ಕೆ ಕಳಿಸಿಕೊಟ್ಟಿದ್ದಳು. ಸತ್ತವನು ಸತ್ತಿಲ್ಲವೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಒಂದೇ ಒಂದು 'ನಮೋ ಮರಿಯಾ' ಬಿಡಲೂ ಆಕೆ ಒಪ್ಪಲಿಲ್ಲ. ಮೊದಲ ಎರಡು ಸಂಜೆ ಹೆಂಗಸರು ಸಂಘದ ಸುದ್ದಿಯೆತ್ತಲಾಗದೆ ಜಪ ಮಾಡಿ ಮಾಡಿ ಸುಸ್ತಾದರು.

"ಹೀಗೇ ಆದ್ರೆ ಸ್ವರ್ಗಕ್ಕೆ ಹೋಗ್ತೀವಿ, ವಿಮೆ ಆಸ್ಪತ್ರೆಗಲ್ಲ" ಎಂದಳು ನೊಏಮಿ, ಹೊಟ್ಟೆ ಹಿಡಿದು ಏಳುತ್ತ.

ಮೂರನೆಯ ಸಂಜೆ ಒಬ್ದೂಲಿಯಾ ಕೆಲಸವನ್ನು ಅಡುಗೆಮನೆಗೆ ಸಾಗಿಸಿದಳು. ಹೊರಗೆ ಜಪ ನಡೆಯುವಾಗ ನಾಲ್ಕೈದು ಜನರಂತೆ ಕಾಫಿ ಹಂಚುವ ನೆಪದಲ್ಲಿ ಒಳಗೆ ಬರುವುದು, ಡೆಲ್ಮಿ ಹೇಳಿದ್ದು ಕೇಳುವುದು, ಜಗಳವಾಡುವುದಿದ್ದರೆ ಪಿಸುದನಿಯಲ್ಲಿ ಆಡುವುದು, ಹಿಟ್ಟಿನ ಮೇಜಿನ ಮೇಲೆ ಸಹಿ ಹಾಕಿ ಕಪ್ಪು ಹಿಡಿದು ಹೊರಡುವುದು. ಅಧ್ಯಕ್ಷೆ ಯಾರಾಗಬೇಕೆಂದು ಕೈ ಎತ್ತುವ ಹೊತ್ತು ಬಂದಾಗ ಡೆಲ್ಮಿ ಎಡಗೈ ಎತ್ತಿದಳು.

"ಅಧ್ಯಕ್ಷೆಗೇ ಬಲಗೈ ಏಳಲ್ಲ" ಎಂದು ಯಾರೋ ನಕ್ಕರು.

"ಅದಕ್ಕೇ ತಾನೇ ಅಧ್ಯಕ್ಷೆ ಆಗ್ತಿರೋದು" ಎಂದಳು ಡೆಲ್ಮಿ.

ಅದೇ ಸಂಜೆ ಪಾಲ್ಮಿರಾ ಮೇಡಂ ಬಂದರು. ಫ್ಯಾಕ್ಟರಿಯಲ್ಲಿ ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ತೆಗೆದುಹಾಕಬೇಕು ಎಂಬುದೆಲ್ಲ ಅವರದೇ. ಆಳೆತ್ತರದ ಹೂಚಕ್ರ ತಂದಿದ್ದರು. ಅದರ ಪಟ್ಟಿಯ ಮೇಲೆ 'ನಿಮ್ಮ ಫ್ಯಾಕ್ಟರಿ ಕುಟುಂಬದಿಂದ' ಎಂದು ಬರೆದಿತ್ತು. ಡೆಲ್ಮಿಯನ್ನು ಅವಳ ನೋಯುವ ಭುಜದ ಕಡೆಯಿಂದಲೇ ತಬ್ಬಿಕೊಂಡು, ಸುತ್ತ ನೋಡಿ, "ನಮ್ಮ ಹುಡುಗೀರಿಗೆ ಎಷ್ಟು ಭಕ್ತಿ!" ಎಂದು ಕಣ್ಣೊರೆಸಿಕೊಂಡರು. ಒಳಗೆ ಮೂವರು ಸಹಿ ಹಾಕುತ್ತಿದ್ದರು. ಒಬ್ದೂಲಿಯಾ ಮೇಡಂಗೆ ಎರಡು ಕಪ್ಪು ಕಾಫಿ ಕುಡಿಸಿದಳು, ಸಕ್ಕರೆ ಹೆಚ್ಚು ಹಾಕಿ.

ತೊಂದರೆ ಬಂದದ್ದು ಮೊದಲು ನೀರಿನ ಲೋಟದಿಂದ.

"ಮೂರು ದಿನ ಆಯ್ತು, ನೀರು ಹನಿ ಇಳಿದಿಲ್ಲ" ಎಂದಳು ತೋಮಾಸಾ, ಕಣ್ಣು ಕಿರಿದು ಮಾಡಿ. "ಇಂಥಾ ಬಾಯಾರಿಕೆ ಇಲ್ಲದ ಆತ್ಮ ನಾನು ನೋಡಿಲ್ಲ."

"ಅವನು ನೀರು ಕುಡಿಯೋ ಮನುಷ್ಯನೇ ಅಲ್ಲ ಬಿಡಿ" ಎಂದಳು ಒಬ್ದೂಲಿಯಾ. ಅಂದಿನಿಂದ ದಿನಾ ಬೆಳಿಗ್ಗೆ ಗೇಟಿಗೆ ಹೊರಡುವ ಮುನ್ನ ಗಂಡನ ಪಾಲಿನ ಒಂದು ಗುಟುಕನ್ನು ತಾನೇ ಕುಡಿದಳು.

ಎರಡನೆಯ ತೊಂದರೆ ಇವೆತ್ತಿನದು. ಆ ಊರಿನಲ್ಲಿ ಯಾರೇ ಸತ್ತರೂ ಮನೆಯ ಮಕ್ಕಳು ಅವರ ಫೋಟೋಕ್ಕೆ ಕಪ್ಪು ರಿಬ್ಬನ್ ಅಂಟಿಸಿ ಫೇಸ್‌ಬುಕ್ಕಿಗೆ ಹಾಕುತ್ತಾರೆ. ಹಾಕದಿದ್ದರೆ ಸತ್ತವರಿಗೆ ಅವಮಾನ. ಯಾರೂ ಬೇಡವೆಂದು ಹೇಳಿರಲಿಲ್ಲವಾದ್ದರಿಂದ ಇವೆತ್ ಕೂಡ ಹಾಕಿದಳು, ಕೆಳಗೆ ಪಾರಿವಾಳದ ಚಿತ್ರ ಸೇರಿಸಿ. ಆರನೆಯ ದಿನ ಭಾನುವಾರ. ಮಧ್ಯಾಹ್ನ ಎಲ್ಲರೂ ಕೋಳಿ ಸಾರು ಊಟ ಮಾಡುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಹುಡುಗಿ ಪರದೆ ನೋಡಿದವಳೇ ಅಜ್ಜಿಯ ಕೈಗೆ ಕೊಟ್ಟಳು.

"ಒಬ್ದೂಲಿಯಾ! ನಾನು ಸತ್ತಿದೀನಂತೆ!"

ದನಿ ಮೇಜಿನ ಸುತ್ತ ಎಲ್ಲರಿಗೂ ಕೇಳಿಸಿತು. ರಿಗೋನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಹೌದು. ಇವತ್ತಿಗೆ ಆರನೇ ದಿನ" ಎಂದಳು ಒಬ್ದೂಲಿಯಾ.

"ನನಗೊಂದು ಮಾತೂ ಹೇಳದೆ?"

"ವಾಪಸ್ ಬರಲ್ಲ ಅಂತ ನೀನು ನಂಗೆ ಹೇಳಿ ಹೋಗಿದ್ಯಾ?"

"ಇಲ್ಲಿ ಊರವರೆಲ್ಲ ಫೋನ್ ಮಾಡ್ತಿದಾರೆ. ಹೆಂಡ್ತಿ... ಅಂದ್ರೆ ಇಲ್ಲಿಯವಳು, ಒಂದೇ ಸಮ ಅಳ್ತಿದಾಳೆ."

"ಒಳ್ಳೆ ಹೆಂಗಸು ಪಾಪ. ನಾನು ಇನ್ನೂ ಶುರು ಮಾಡಿಲ್ಲ. ನೋಡು ಕಾಂದಿದೋ, ಇನ್ನು ಮೂರು ದಿನ ಸತ್ತಿರು. ಆಮೇಲೆ ನಿನ್ನಿಷ್ಟ."

ರಿಗೋ ಎದ್ದು ಫೋನು ಕಿತ್ತುಕೊಂಡ. "ಅಪ್ಪಾ?" ಎಂದ. ಕೇಳಿಸಿಕೊಂಡ. "ರಿಗೋ" ಎಂದ. ಮತ್ತೆ ಕೇಳಿಸಿಕೊಂಡ. "ಹೂಂ, ದೊಡ್ಡವನು... ಅಲ್ಲ ಅಪ್ಪ, ಚಿಕ್ಕವನು ಅಂತ ಯಾರೂ ಇಲ್ಲ. ನಾನೊಬ್ಬನೇ." ಆಮೇಲೆ ಫೋನನ್ನು ಸಾರಿನ ಬಟ್ಟಲ ಪಕ್ಕ ಇಟ್ಟ.

ಅಪ್ಪನ ಮೇಲಿನ ಸಿಟ್ಟು ಹ್ಯೂಸ್ಟನ್‌ವರೆಗೆ ಹೋಗಲಾರದೆ ಅಲ್ಲೇ ಮೇಜಿನ ಸುತ್ತ ತಿರುಗಿತು.

"ಆರು ದಿನದಿಂದ ಕಪ್ಪು ಅಂಗಿ ಹಾಕ್ಕೊಂಡು ಲೈನಿನ ಮುಂದೆ ನಿಂತಿದೀನಿ! ಜನ ನನ್ನ ಕೈ ಹಿಡ್ಕೊಂಡು ಅತ್ತಿದಾರೆ! ಯಾಕೆ ಅಂತ ಒಬ್ರಾದ್ರೂ ಬಾಯಿ ಬಿಡ್ತೀರಾ?"

"ಸಂಘಕ್ಕೆ" ಎಂದಳು ಡೆಲ್ಮಿ. "ಇಪ್ಪತ್ತಮೂರು ಸಹಿ ಆಗಿದೆ. ಹೋಗು, ಹೇಳು ಮೇಡಂಗೆ. ಹೂಚಕ್ರಾನೂ ವಾಪಸ್ ತಗೊಂಡು ಹೋಗು."

"ನನ್ನ ಕೆಲಸ ಹೋಗುತ್ತೆ ಅಂತ ಯೋಚನೆ ಮಾಡಿದ್ರಾ? ಈ ಚಾವಣಿ ಯಾರ ಸಂಬಳದಿಂದ ಬಂತು?"

"ಚಾವಣಿ ನಿಂದೇ ಕಣಪ್ಪ, ಇಲ್ಲ ಅಂದವರು ಯಾರು" ಎಂದಳು ಒಬ್ದೂಲಿಯಾ. "ಅದರ ಕೆಳಗೆ ನಿಂತವಳಿಗೆ ತಲೆ ಬಾಚ್ಕೊಳ್ಳೋಕೂ ಕೈ ಏಳಲ್ಲ. ಅದನ್ನ ಯಾರ ಲೆಕ್ಕಕ್ಕೆ ಬರೀಲಿ?"

"ನನ್ನನ್ನ ಅಳಿಸಿದ್ಯಲ್ಲಮ್ಮ."

ಒಬ್ದೂಲಿಯಾ ಅವನ ಬಟ್ಟಲನ್ನು ಹತ್ತಿರಕ್ಕೆ ಸರಿಸಿದಳು. "ಸಾರು ಮುಗಿಸು" ಎಂದಳು. ಅವನು ಮುಗಿಸಲಿಲ್ಲ, ಎರಡು ಅಂಗಿ ಚೀಲಕ್ಕೆ ತುರುಕಿಕೊಂಡು ಸ್ನೇಹಿತನ ಕೋಣೆಗೆ ಹೊರಟುಹೋದ.

ಏಳನೆಯ ಸಂಜೆ ಅವನು ಬರಲಿಲ್ಲ, ಎಂಟನೆಯ ಸಂಜೆಯೂ ಬರಲಿಲ್ಲ. ಸೂಪರ್‌ವೈಸರ್‌ಗೆ ಗೊತ್ತಾಗಿದೆಯಂತೆ ಎಂಬ ಮಾತು ಹೆಂಗಸರ ನಡುವೆ ಹಬ್ಬಿ ಕೆಲವರು ಕಾಫಿಗೂ ಬರಲಿಲ್ಲ. ಸಹಿ ಇಪ್ಪತ್ತಾರಕ್ಕೆ ಬಂದು ನಿಂತಿತು.

"ಹೇಳಿಬಿಟ್ಟಿದ್ರೆ?" ಎಂದಳು ಡೆಲ್ಮಿ.

"ಹೇಳಿದ್ರೆ ನಾಳೆಯಿಂದ ಎಲ್ರೂ ನನ್ನ ಒಲೆ ಪಕ್ಕ ರೊಟ್ಟಿ ತಟ್ಟೋಣ" ಎಂದಳು ತಾಯಿ. ಆದರೆ ಆ ದಿನ ಆಕೆ ಮೊದಲ ಬಾರಿಗೆ ಹಿಟ್ಟಿಗೆ ಉಪ್ಪು ಮರೆತಿದ್ದಳು.

ಒಂಬತ್ತನೆಯ ಸಂಜೆ ಮನೆಯೆಲ್ಲ ಬಾಳೆಲೆಯ ಹಬೆ. ಕೊನೆಯ ದಿನ ಬಂದವರಿಗೆ ಬರಿ ಬ್ರೆಡ್ಡು ಸಾಲದು, ಜೋಳದ ಹಿಟ್ಟಿನೊಳಗೆ ಹಂದಿಮಾಂಸವಿಟ್ಟು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಕಡುಬಾಗಬೇಕು. ಕಡುಬಿನ ವಾಸನೆಗೋ, ಹಟಕ್ಕೋ, ಹೆದರಿ ಹಿಂಜರಿದಿದ್ದವರೂ ಬಂದಿದ್ದರು. ಇನ್ನೂ ಸಹಿ ಹಾಕದವರು, ಮೂವತ್ತಕ್ಕೆ ಬೇಕಿದ್ದ ನಾಲ್ವರು, ಅಡುಗೆಮನೆಯಲ್ಲಿದ್ದರು. ತೋಮಾಸಾ ಜಪದ ನಡುವಿಗೆ ಬಂದಿದ್ದಾಗ ಬಾಗಿಲಲ್ಲಿ ರಿಗೋ ಕಾಣಿಸಿಕೊಂಡ, ಕಪ್ಪು ಅಂಗಿಯಲ್ಲೇ. ಅವನ ಹಿಂದೆ ಪಾಲ್ಮಿರಾ ಮೇಡಂ.

ಡೆಲ್ಮಿ ಹೋಗಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಕ್ಷಮಿಸಿ ದೋನ್ಯಾ" ಎಂದರು ಮೇಡಂ, ಕಣ್ಣು ಅಡುಗೆಮನೆಯ ಕಡೆ. "ಫೇಸ್‌ಬುಕ್ಕಿನಲ್ಲಿ ಆ ಫೋಟೋ ಕೆಳಗೆ ಯಾರೋ ಬರ್ದಿದಾರೆ, ನಾನು ಬದುಕಿದೀನಿ ಅಂತ. ಕಾಂದಿದೋ ಅನ್ನೋ ಹೆಸರಲ್ಲೇ. ನಿಮ್ಮ ಮಗ ರಿಗೊಬೆರ್ತೋನ ಕೇಳಿದ್ರೆ, ಮನೆಗೆ ಬನ್ನಿ, ಅಲ್ಲೇ ಹೇಳ್ತೀನಿ ಅಂದ."

ತೋಮಾಸಾಳ ಜಪಮಾಲೆ ನಿಂತಿತು. "ಸತ್ತಿಲ್ವಾ? ಹಾಗಾದ್ರೆ ನಾನು ಒಂಬತ್ತು ದಿನದಿಂದ ಯಾರನ್ನ ಕಳಿಸ್ತಾ ಇದೀನಿ?"

ಒಬ್ದೂಲಿಯಾ ಮಗನನ್ನು ನೋಡಿದಳು. ಅವನು ಫೋಟೋದ ಮೀಸೆಯನ್ನು ನೋಡುತ್ತಿದ್ದ.

"ಸತ್ತಿದಾನೆ ಮೇಡಂ" ಎಂದ ರಿಗೋ. "ನಾನೇ ಫೋನಲ್ಲಿ ಮಾತಾಡಿ ಖಚಿತ ಮಾಡ್ಕೊಂಡೆ."

"ಯಾರ ಹತ್ರ ಮಾತಾಡಿ?"

"ಅಲ್ಲಿನವರ ಹತ್ರ. ಮಂಡಿಯೂರಿ ಮೇಡಂ. ಕೊನೇ ದಿನ ನಿಂತ್ಕೊಂಡು ನೋಡೋ ಹಾಗಿಲ್ಲ."

ಮೇಡಂ ರಾಜಧಾನಿಯ ಕಡೆಯವರು, ಆದರೂ ಸತ್ತವರ ಮುಂದೆ ನಿಂತೇ ಇರುವಷ್ಟು ಧೈರ್ಯ ಅವರಿಗೂ ಇರಲಿಲ್ಲ. ಮಂಡಿಯೂರಿದರು. ರಿಗೋ ಅವರನ್ನು ಮುಂದಿನ ಸಾಲಿನಲ್ಲೇ, ಅಡುಗೆಮನೆಗೆ ಬೆನ್ನು ಹಾಕಿಸಿ ಕೂರಿಸಿದ. ಆಮೇಲೆ ಹಿರಿಮಗನ ಕೆಲಸಕ್ಕೆ ಕೈಹಾಕಿದ. ಒಂಬತ್ತನೆಯ ಸಂಜೆ ಮೇಜಿನ ಮೇಲಿನ ಒಂದೊಂದೇ ವಸ್ತುವನ್ನು ಇಳಿಸಿ, ಒಂದೊಂದೇ ಬತ್ತಿ ಆರಿಸಿ, ಸತ್ತವನಿಗೆ ಇನ್ನು ಈ ಮನೆಯಲ್ಲಿ ಜಾಗವಿಲ್ಲವೆಂದು ತಿಳಿಸಿ ಕಳಿಸುವುದು ಹಿರಿಮಗನದೇ ಬಾಧ್ಯತೆ. ಅಷ್ಟು ನಿಧಾನವಾಗಿ ಅದನ್ನು ಮಾಡಿದವನನ್ನು ಚೊಲೋಮಾದಲ್ಲಿ ಯಾರೂ ನೋಡಿರಲಿಲ್ಲ. ಒಂದೊಂದು ಕಾಗದದ ಹೂವನ್ನೂ ಬಿಡಿಸಿ, ಧೂಳು ಊದಿ, ಪಕ್ಕಕ್ಕಿಟ್ಟ. ತೋಮಾಸಾ ಮೆಚ್ಚಿ ಜಪವನ್ನು ಇನ್ನಷ್ಟು ಎಳೆದಳು. ಮೇಡಂ ಒಮ್ಮೆ ಹಿಂದೆ ತಿರುಗಲು ನೋಡಿದಾಗ, "ತಿರುಗ್ಬಾರ್ದು, ಆತ್ಮ ನಿಮ್ಮ ಹಿಂದೆಯೇ ಬಂದುಬಿಡುತ್ತೆ" ಎಂದಳು ಆಕೆ, ಪೂರ್ಣ ನಂಬಿಕೆಯಿಂದ.

ರಿಗೋ ಅಪ್ಪನ ಫೋಟೋವನ್ನು ಕೊನೆಗೆ ಎತ್ತಿದ. ಮುಖ ಕೆಳಗೆ ಮಾಡಿ ಮೇಜಿನ ಮೇಲೆ ಮಲಗಿಸಿದ. ಲೋಟದಲ್ಲಿ ಉಳಿದಿದ್ದ ನೀರನ್ನು ಬಾಗಿಲಾಚೆ ಚೆಲ್ಲಿದ. ಕೊನೆಯ ಬತ್ತಿ ಆರುವ ಹೊತ್ತಿಗೆ ಅಡುಗೆಮನೆಯಿಂದ ನೊಏಮಿ ಕಡುಬಿನ ತಟ್ಟೆ ಹಿಡಿದು ಹೊರಬಂದಳು. ಅವಳ ಬೆರಳಿಗೆ ಶಾಯಿ, ಶಾಯಿಯ ಮೇಲೆ ಹಿಟ್ಟು. ಮೊದಲ ಕಡುಬನ್ನು ಮೇಡಂಗೇ ಕೊಟ್ಟಳು. ಡೆಲ್ಮಿ ಎಡಗೈಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡಳು.

ಆ ಸಂಜೆ ಹೋಗುವವರು ಹೋಗಿಬರುತ್ತೇನೆ ಎನ್ನುವ ಹಾಗಿಲ್ಲ. ಎಲ್ಲರೂ ಮಾತಿಲ್ಲದೆ ಹೊರಟರು. ರಿಗೋ ಮಾತ್ರ ಹೋಗಲಿಲ್ಲ. ಮೇಜಿನ ಮುಂದೆ ಕೂತು ಮೂರು ಕಡುಬು ತಿಂದ. ಒಬ್ದೂಲಿಯಾ ನಾಲ್ಕನೆಯದನ್ನು ಬಿಚ್ಚಿ ಅವನ ತಟ್ಟೆಗಿಟ್ಟು, ಅವನ ಕಪ್ಪು ಅಂಗಿಯ ಕಾಲರನ್ನು ಸುಮ್ಮನೆ ಸರಿಮಾಡಿದಳು.

"ತಪ್ಪಾಯ್ತು ಕಣೋ" ಎಂದಳು.

"ಉಪ್ಪು ಕಮ್ಮಿ" ಎಂದ ರಿಗೋ.

ಮಾರನೆಯ ದಿನವೇ ಡೆಲ್ಮಿ ಮತ್ತು ನೊಏಮಿ ಹತ್ತಿರದ ದೊಡ್ಡ ನಗರ ಸಾನ್ ಪೆದ್ರೋಗೆ ಹೋಗಿ ಕಾರ್ಮಿಕ ಇಲಾಖೆಯಲ್ಲಿ ಹಿಟ್ಟು ಮೆತ್ತಿದ ಹಾಳೆಗಳನ್ನು ಕೊಟ್ಟುಬಂದರು. ಆಮೇಲೆ ಕಾಯುವ ವಾರಗಳು. ನೋಟೀಸು ಹಿಡಿದು ಇನ್ಸ್‌ಪೆಕ್ಟರ್ ಎರಡು ಸಲ ಬಂದ. ಎರಡು ಸಲವೂ ಗೇಟಿನ ಕಾವಲುಗಾರ ಮ್ಯಾನೇಜರ್ ಇಲ್ಲ ಎಂದ. ನೋಟೀಸು ಕೈಗೆ ಕೊಟ್ಟ ಹೊರತು ಕಾನೂನಿನ ರಕ್ಷಣೆ ಶುರುವಾಗುವುದಿಲ್ಲ.

"ಒಳಗೆ ಹೋಗ್ಬೇಕು ಅಂತ ಯಾಕೆ ಹಟ ಮಾಡ್ತೀರಿ ಸ್ವಾಮಿ?" ಎಂದಳು ಒಬ್ದೂಲಿಯಾ. "ನಾಳೆ ಬೆಳಿಗ್ಗೆ ಬಂದು ಇಲ್ಲಿ ಕೂತು ಒಂದು ರೊಟ್ಟಿ ತಿನ್ನಿ."

ಮಾರನೆಯ ಬೆಳಿಗ್ಗೆ ಮ್ಯಾನೇಜರನ ಕಾರು ಎಂದಿನಂತೆ ನಿಂತಿತು, ಗಾಜು ಇಳಿಯಿತು, ಎಂದಿನಂತೆ ಕೈ ಹೊರಬಂತು. ಒಬ್ದೂಲಿಯಾ ಮೊಟ್ಟೆ ರೊಟ್ಟಿಯ ಪೊಟ್ಟಣ ಕೊಟ್ಟಳು. ಇನ್ಸ್‌ಪೆಕ್ಟರ್ ಅದರ ಮೇಲೆ ನೋಟೀಸು ಇಟ್ಟ. ಆ ಕೈ ಎರಡನ್ನೂ ಒಳಗೆ ಎಳೆದುಕೊಂಡಿತು. ಸರತಿಯಲ್ಲಿದ್ದ ಹೆಂಗಸರೆಲ್ಲ ಸಾಕ್ಷಿ.

ರಿಗೋನನ್ನು ಸೂಪರ್‌ವೈಸರ್ ಕೆಲಸದಿಂದ ಇಳಿಸಿ ಗೋಡೌನಿನಲ್ಲಿ ಪೆಟ್ಟಿಗೆ ಜೋಡಿಸಲು ಹಾಕಿದರು. ಸಂಬಳ ಇಳಿಯಿತು, ಮಾತು ಏರಿತು. ಈಗ ಅವನು ಊಟಕ್ಕೆ ಕೂತರೆ ಚಾವಣಿ ನೋಡುವುದಿಲ್ಲ. ಪೆಟ್ಟಿಗೆ ಹೊತ್ತು ಸೊಂಟ ನೋಯುತ್ತಿದೆ, ನಿಮ್ಮ ಸಂಘಕ್ಕೆ ಗಂಡಸರನ್ನು ಸೇರಿಸಿಕೊಳ್ಳುತ್ತೀರೋ ಇಲ್ಲವೋ ಎಂದು ತಂಗಿಯನ್ನು ಕೇಳುತ್ತಾನೆ. "ಅರ್ಜಿ ಹಾಕು, ಮೀಟಿಂಗಲ್ಲಿ ಇಡ್ತೀನಿ" ಎನ್ನುತ್ತಾಳೆ ಅಧ್ಯಕ್ಷೆ.

ಒಂದು ಬೆಳಿಗ್ಗೆ ಪಾಲ್ಮಿರಾ ಮೇಡಂ ಒಲೆಯ ಮುಂದೆ ಬಂದು ನಿಂತರು. ಈ ಗೋಡೆಯ ನೆರಳು ಕಂಪನಿಯದು, ನಾಳೆಯಿಂದ ಇಲ್ಲಿ ಒಲೆ ಹೂಡುವಂತಿಲ್ಲ ಎಂದರು. ಒಬ್ದೂಲಿಯಾ ಒಲೆಯನ್ನೆತ್ತಿ ರಸ್ತೆಯ ಆಚೆ ಬದಿಗೆ, ಬಿಸಿಲಿಗೆ ಇಟ್ಟುಕೊಂಡಳು. ಸರತಿ ಅವಳ ಹಿಂದೆಯೇ ರಸ್ತೆ ದಾಟಿತು. ಮೇಡಂ ಕೂಡ ದಾಟಿ ಬಂದರು. ಅವರಿಗೆ ಇನ್ನೂ ಹೇಳುವುದಿತ್ತು.

"ನಿಮ್ಮ ಗಂಡ ಬದುಕಿದಾರೆ ದೋನ್ಯಾ. ನಾನೇ ಫೋನ್ ಮಾಡಿ ಮಾತಾಡಿದೆ. ಬದುಕಿರೋ ಮನುಷ್ಯನ ಹೆಸರಲ್ಲಿ ಒಂಬತ್ತು ದಿನ ಜಪ ಮಾಡ್ಸಿದ್ರಲ್ಲ, ನಾಚಿಕೆ ಆಗಲ್ವಾ?"

ಒಬ್ದೂಲಿಯಾ ರೊಟ್ಟಿ ತಿರುವಿ ಹಾಕಿದಳು.

"ನನ್ನ ಮಗಳು ಹೋಗಿ ಕಿಟಕಿ ಮುಂದೆ ನಿಂತ್ರೆ ಅವಳು ಇಲ್ಲವೇ ಇಲ್ಲ ಅಂತ ಹೇಳುತ್ತೆ ವಿಮೆ ಆಸ್ಪತ್ರೆ. ಇಲ್ಲದವಳ ಸಂಬಳದಿಂದ ನೀವು ವಾರವಾರ ದುಡ್ಡು ಹಿಡಿದ್ರಿ. ನಾನು ಇರೋನ ಹೆಸರಲ್ಲಿ ಒಂಬತ್ತು ಸಂಜೆ ಕಾಫಿ ಕೊಟ್ಟೆ. ನೀವೂ ಕುಡಿದ್ರಿ, ಎರಡು ಕಪ್ಪು. ಇನ್ನು ನಾಚಿಕೆ ವಿಷಯ ನೀವೇ ಹೇಳಿ ಮೇಡಂ, ನೀವು ಓದಿದವರು."

ಸರತಿಯಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮೇಡಂ ರಸ್ತೆ ದಾಟಿ ಹೊರಟರು.

"ವರ್ಷ ತುಂಬಿದಾಗ ಇನ್ನೊಂದು ಜಪ ಇರುತ್ತೆ" ಎಂದು ಒಬ್ದೂಲಿಯಾ ಅವರ ಹಿಂದೆ ಕೂಗಿ ಹೇಳಿದಳು. "ಬನ್ನಿ. ಅವತ್ತು ಸಂಘದವರೆಲ್ಲ ಹೊರಗೆ, ಮುಂದಿನ ಕೋಣೇಲೇ ಕೂರ್ತಾರೆ. ಅಡುಗೆಮನೇಲಿ ಜಾಗ ಸಾಲಲ್ಲ."